ಹೋಗಿರಪ್ಪ, ನಾನು ಹಿಂದೇನೇ ಬತ್ತೀನಿ

ಕೊಬ್ಬರಿ ಎಣ್ಣೆಗೆ ಒಂದಿಷ್ಟು ಕರ್ಪೂರ ಹಾಕಿ ಬೆಚ್ಚಗೆ ಮಾಡಿದರೆ ಬರುವ ವಾಸನೆ ನಿಮಗೂ ಗೊತ್ತಿರಬಹುದು. ಇವತ್ತು ಬೆಳಿಗ್ಗೆ ನನ್ನ ಹೆಂಡತಿ ನನ್ನ ಮಂಡಿಗಾಗಿ ಅದನ್ನು ಬಿಸಿ ಮಾಡುತ್ತಾ, "ಐವತ್ತಾಯ್ತು, ಕಣಕಟ್ಟೆ ರಸ್ತೇಲಿ ಹಾಗೆ ಓಡಿ ನೀವು ಯಾರನ್ನ ಹಿಡೀಬೇಕು?" ಎಂದು ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ಹೇಳುವಷ್ಟರಲ್ಲಿ ಆ ವಾಸನೆ ನನ್ನನ್ನು ಅರಸೀಕೆರೆಯ ಅಡುಗೆಮನೆಯಿಂದ ಎತ್ತಿಕೊಂಡು ಹೋಗಿ ಹಳೇಬೀಡಿನ ಹೈಸ್ಕೂಲಿನ ಆಟದ ಸಾಮಾನಿನ ಕೋಣೆಯಲ್ಲಿ ಕೂರಿಸಿಬಿಟ್ಟಿತ್ತು. ಆ ಕೋಣೆಯಲ್ಲಿ ಸದಾ ಇದೇ ವಾಸನೆ, ಅದರ ಜೊತೆಗೆ ಹಳೆಯ ವಾಲಿಬಾಲ್ ನೆಟ್ಟಿನ ಮುಗ್ಗಲು ವಾಸನೆ. ಎರಡರ ನಡುವೆ ಪದ್ಮಕ್ಕ.

ಪದ್ಮಕ್ಕ ಆ ಶಾಲೆಯ ವ್ಯಾಯಾಮ ಶಿಕ್ಷಕಿ. ನಾನು ಅದೇ ಶಾಲೆಯ ಗುಮಾಸ್ತ. ಪದ್ಮಕ್ಕ ಪಕ್ಕದ ಬಸ್ತಿಹಳ್ಳಿಯ ಜೈನರ ಮನೆಯವರು, ಬಸದಿಗೆ ಕೂಗಳತೆಯಲ್ಲಿ ಮನೆ. ಮಕ್ಕಳಿಗೆ ಯಾವ ಮೇಷ್ಟರ ಬೆತ್ತಕ್ಕೂ ಇಲ್ಲದ ಹೆದರಿಕೆ ಪದ್ಮಕ್ಕನ ನೋಟಕ್ಕಿತ್ತು. ಆದರೆ ಓಡುವಾಗ ಬಿದ್ದು ಮಂಡಿ ತರಚಿಕೊಂಡ ಮಗು ಮೊದಲು ಓಡುತ್ತಿದ್ದದ್ದೂ ಅವರ ಹತ್ತಿರವೇ.

ನನ್ನ ವಿಚಾರವನ್ನೂ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮಪ್ಪ ಬೇಲೂರಿನಲ್ಲಿ ದೇವಸ್ಥಾನದ ಅಡುಗೆಯವರು. ನಾನು ಬೆಳೆದದ್ದು ಪುಳಿಯೋಗರೆ, ಪೊಂಗಲ್‌ಗಳ ನೆರಳಿನಲ್ಲಿ. ಯಾರಾದರೂ ಪ್ರೀತಿಯಿಂದ ಏನಾದರೂ ಕೊಟ್ಟರೆ ಬೇಡ ಎನ್ನಬಾರದು ಎಂಬುದು ನಮ್ಮ ಮನೆಯಲ್ಲಿ ಮಕ್ಕಳಿಗೆ ಹೇಳಿಕೊಟ್ಟ ಮೊದಲ ಪಾಠ. ಆ ಪಾಠವೊಂದನ್ನು ಮಾತ್ರ ನಾನು ಚೆನ್ನಾಗಿ ಕಲಿತೆ. ಪರಿಣಾಮವಾಗಿ ಹಾಸನದ ಡಾಕ್ಟರು ಒಂದು ದಿನ ನನ್ನ ರಕ್ತಪರೀಕ್ಷೆಯ ಚೀಟಿ ನೋಡಿ, ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ, ಒಳಗೆ ಕರೆಯಬೇಡಿ ಎಂದರು. ಶಾಲೆಯಲ್ಲಿ ನಾನು ಇದನ್ನು ಹೇಳಿಕೊಂಡು ಸ್ವಲ್ಪ ಕನಿಕರ ಸಂಪಾದಿಸೋಣ ಎಂದುಕೊಂಡಿದ್ದೆ. ಪದ್ಮಕ್ಕ ಕನಿಕರ ತೋರಿಸಲಿಲ್ಲ. "ನಾಳೆ ಬೆಳಿಗ್ಗೆ ಹುಲಿಕೆರೆ ರಸ್ತೆಗೆ ಬನ್ನಿ ಗುಮಾಸ್ತರೇ. ನಾನೂ ಓಡ್ತೀನಿ, ನೀವೂ ಓಡಿ" ಎಂದರು.

ಅವರು ಓಡುತ್ತಿದ್ದದ್ದು ಯಾಕೆ ಎಂಬುದು ನನಗೆ ಆಮೇಲೆ ತಿಳಿಯಿತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಅವರ ಹಳೆಯ ವಿದ್ಯಾರ್ಥಿನಿ, ಅಲ್ಲಿ ನಡೆಯುವ ದೊಡ್ಡ ಮ್ಯಾರಥಾನ್‌ನ ಅರ್ಧ ಓಟಕ್ಕೆ ಮಿಸ್ಸಿನ ಹೆಸರನ್ನು ಸೇರಿಸಿದ್ದಳಂತೆ. ಅರ್ಧ ಎಂದರೆ ಇಪ್ಪತ್ತೊಂದು ಕಿಲೋಮೀಟರ್. ಹಳೇಬೀಡಿನಿಂದ ಹೊರಟರೆ ಬೇಲೂರು ಬಂದ ಮೇಲೂ ಓಟ ಉಳಿದಿರುತ್ತದೆ.

"ನಿವೃತ್ತಿ ಹತ್ತಿರ ಬಂತು, ಈಗ ಯಾಕೆ ಪದ್ಮಕ್ಕ ಈ ಉಸಾಬರಿ?" ಎಂದು ಕೇಳಿದೆ. ಅವರು ಚೆಂಡಿಗೆ ಗಾಳಿ ಹೊಡೆಯುತ್ತಿದ್ದರು. ಪಂಪು ನಿಲ್ಲಿಸಲಿಲ್ಲ.

"ನಾನು ಇವತ್ತಿನವರೆಗೆ ಒಂದು ಓಟಾನೂ ಮುಗಿಸಿಲ್ಲ ಕಣ್ರೀ" ಎಂದರು.

ಅವರು ಹೈಸ್ಕೂಲಿನಲ್ಲಿದ್ದಾಗ ಇದೇ ಮೈದಾನದಲ್ಲಿ ಹುಡುಗಿಯರ ಉದ್ದ ಓಟ ಇತ್ತಂತೆ. ಪದ್ಮಕ್ಕ ಎಲ್ಲರಿಗಿಂತ ಮುಂದಿದ್ದರು. ಸಭೆ, ಭಾಷಣ ಎಂದು ಆಟ ಶುರುವಾಗುವುದೇ ತಡವಾಗಿ ಹೊತ್ತು ಇಳಿಯುತ್ತಾ ಬಂದಿತ್ತು. ಅವರ ಮನೆಯಲ್ಲಿ ಸೂರ್ಯ ಮುಳುಗುವುದರೊಳಗೆ ಊಟ ಮುಗಿಯಬೇಕು, ಆಮೇಲೆ ನೀರೂ ಇಲ್ಲ. ಮಗು ರಾತ್ರಿಯೆಲ್ಲಾ ಹಸಿದುಕೊಂಡಿರುತ್ತದೆಂದು ಅವರ ಚಿಕ್ಕಪ್ಪ ಸೈಕಲ್ಲು ತಳ್ಳಿಕೊಂಡು ಮೈದಾನದೊಳಕ್ಕೇ ಬಂದು, ಓಡುತ್ತಿದ್ದ ಹುಡುಗಿಯ ಕೈ ಹಿಡಿದು, "ಹತ್ತು ಮಗಾ, ಊಟದ ಹೊತ್ತು ಮೀರ್ತದೆ" ಎಂದು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೇಬಿಟ್ಟರು. "ಚಿಕ್ಕಪ್ಪನ ಮೇಲೆ ಕೋಪ ಮಾಡ್ಕೊಳ್ಳೋಕೂ ಆಗಲಿಲ್ಲ. ಅಷ್ಟು ಪ್ರೀತಿಯಿಂದ ಕರ್ಕೊಂಡು ಹೋದ್ರು. ಆಮೇಲೆ ಮದುವೆ, ಕೆಲಸ. ಟೀಚರಿಗೆ ಯಾರು ಓಟ ಇಡ್ತಾರೆ? ಒಂದು ಸಲ ಕೊನೇವರೆಗೂ ಓಡಿ ನೋಡಬೇಕು, ಅಷ್ಟೇ" ಎಂದು ಚೆಂಡನ್ನು ನೆಲಕ್ಕೆ ಕುಟ್ಟಿದರು. ಅದು ಸೂರಿನವರೆಗೆ ಎಗರಿತು.

ಹೀಗೆ ನಮ್ಮ ಓಟ ಶುರುವಾಯಿತು. ಆದರೆ ನಮ್ಮ ಕಡೆ ರಸ್ತೆಯಲ್ಲಿ ಓಡುವುದು ನೀವು ತಿಳಿದಷ್ಟು ಸುಲಭವಲ್ಲ. ಮೈದಾನದಲ್ಲಿ ಓಡಿದರೆ ಆಟ, ರಸ್ತೆಯಲ್ಲಿ ಓಡಿದರೆ ಆಪತ್ತು. ಯಾರಿಗೋ ಹುಷಾರಿಲ್ಲ, ಇಲ್ಲವೇ ಬಸ್ಸು ತಪ್ಪಿದೆ, ಇಲ್ಲವೇ ದನ ಯಾರದೋ ರಾಗಿ ಹೊಲಕ್ಕೆ ನುಗ್ಗಿದೆ. ಸುಮ್ಮನೆ ಓಡುವವರನ್ನು ಜನ ಕಂಡೇ ಇಲ್ಲ. ಹಾಗಾಗಿ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವವರಿಂದ ಹಿಡಿದು ಪ್ರತಿಯೊಂದು ಬೈಕೂ ನಮ್ಮ ಪಕ್ಕ ನಿಲ್ಲುತ್ತಿತ್ತು.

"ಯಾಕಕ್ಕಾ ಹಿಂಗ್ ಓಡ್ತಿದೀರಿ? ಮನೇಲಿ ಯಾರ್ಗಾದ್ರೂ ಉಸಾರಿಲ್ವಾ? ಹತ್ತಿ, ಬಿಟ್ಟು ಬತ್ತೀನಿ."

ಬೇಡ ಎಂದರೆ ಮುಖ ಸಣ್ಣದಾಗುತ್ತಿತ್ತು. ನನ್ನ ಗಾಡಿ ಹಳೇದು ಅಂತಲಾ ಎಂದು ಒಬ್ಬ ಕೇಳಿದ. ಇನ್ನೊಬ್ಬ ಪದ್ಮಕ್ಕನ ಮನೆಗೇ ಹೋಗಿ, ಅಕ್ಕನಿಗೂ ಮನೆಯವರಿಗೂ ಏನಾದರೂ ಮಾತು ಬಂತೇ ಎಂದು ವಿಚಾರಿಸಿಕೊಂಡು ಬಂದ. ಮೊದಮೊದಲು ಪದ್ಮಕ್ಕ ನಿಂತು ಮ್ಯಾರಥಾನ್ ಎಂದರೇನು ಎಂದು ವಿವರಿಸುತ್ತಿದ್ದರು. ವಿವರಣೆ ಮುಗಿಯುವ ಹೊತ್ತಿಗೆ ಓಟ ತಣ್ಣಗಾಗಿರುತ್ತಿತ್ತು, ಬೈಕಿನವನು ಎಲ್ಲ ಕೇಳಿ, "ಸರಿ ಅಕ್ಕಾ, ಈಗ ಹತ್ತಿ" ಎನ್ನುತ್ತಿದ್ದ. ಕೊನೆಗೆ ಅವರು ಒಂದು ಮಾತು ಕಂಡುಕೊಂಡರು. ಕಾಲು ನಿಲ್ಲಿಸದೆ, ನಗುತ್ತಾ, ಓಡುತ್ತಲೇ ಕೈ ಮುಗಿದು, "ನೀನು ಹೋಗಿರಪ್ಪ, ನಾನು ಹಿಂದೇನೇ ಬತ್ತೀನಿ" ಎನ್ನುವುದು. ಇದರಲ್ಲಿ ಯಾರ ಮನಸ್ಸೂ ನೋಯುವುದಿಲ್ಲ. ಕರೆದವನಿಗೆ ತನ್ನ ಮಾತು ನಡೆದಂತೆ, ಇವರಿಗೆ ಇವರ ಓಟ ಉಳಿದಂತೆ. ಆ ಒಂದು ಮಾತನ್ನು ಸರಾಗವಾಗಿ ಹೇಳುವುದಕ್ಕೆ ಅವರಿಗೆ ಒಂದು ಬೇಸಿಗೆ ಪೂರ್ತಿ ಬೇಕಾಯಿತು.

ನಾನು? ನಾನು ಹತ್ತಿಬಿಡುತ್ತಿದ್ದೆ. ಪ್ರೀತಿಯಿಂದ ಕರೆದದ್ದನ್ನು ಬೇಡ ಎನ್ನುವುದು ಹೇಗೆ? ಎಷ್ಟೋ ಬೆಳಿಗ್ಗೆ ನಾನು ಯಾರದೋ ಮೊಪೆಡ್ಡಿನ ಮೇಲೆ ಪದ್ಮಕ್ಕನನ್ನು ದಾಟಿಕೊಂಡು ಹೋಗಿ, ಹುಲಿಕೆರೆಯ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು, ಅವರು ಬೆವರಿಳಿಸಿಕೊಂಡು ಬರುವುದನ್ನು ಕಾಯುತ್ತಿದ್ದೆ. ಅವರು ಬೈಯುತ್ತಿರಲಿಲ್ಲ. "ಹಿಂದಕ್ಕಾದ್ರೂ ಓಡಿ" ಎನ್ನುತ್ತಿದ್ದರು. ಹಿಂದಕ್ಕೆ ಒಂದಿಷ್ಟು ಓಡುತ್ತಿದ್ದೆ. ಅಷ್ಟಕ್ಕೇ ಸೊಂಟದ ಬೆಲ್ಟಿನಲ್ಲಿ ಹೊಸ ತೂತು ಬೇಕಾಯಿತೆಂದು ಹೆಮ್ಮೆಪಟ್ಟು ನಾನೂ ಬೆಂಗಳೂರಿಗೆ ಹೆಸರು ಕೊಟ್ಟೆ.

ಆ ಭಾನುವಾರ ಇನ್ನೂ ಕತ್ತಲಿರುವಾಗಲೇ ನಾವು ಆ ಜನಸಾಗರದಲ್ಲಿ ನಿಂತಿದ್ದೆವು. ಅಷ್ಟೊಂದು ಬಣ್ಣದ ಬೂಟುಗಳನ್ನು ನಾನು ಒಟ್ಟಿಗೆ ಕಂಡದ್ದು ಅದೇ ಮೊದಲು. ಸುತ್ತಲೂ ಎಳೆಯರು ಬಾಳೆಹಣ್ಣು ತಿನ್ನುತ್ತಾ, ಬಣ್ಣದ ನೀರು ಕುಡಿಯುತ್ತಾ, ಕಾಲನ್ನು ಬೆನ್ನಿಗೆ ಎಳೆದುಕೊಳ್ಳುತ್ತಾ ಇದ್ದರು. ಪದ್ಮಕ್ಕ ಚೂಡಿದಾರದ ಮೇಲೆ ಶಾಲೆಯ ಟ್ರ್ಯಾಕ್‌ಸೂಟಿನ ಕೋಟು ಹಾಕಿಕೊಂಡು, ಮನೆಯಿಂದ ಸೋಸಿ ತಂದ ನೀರಿನ ಬಾಟಲಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಸುಮ್ಮನೆ ನಿಂತಿದ್ದರು. ಒಂದು ಹುಡುಗಿ ಬಾಳೆಹಣ್ಣು ಕೊಡಲು ಬಂದಳು.

"ಸೂರ್ಯ ಹುಟ್ಟಲಿ ಕಣಮ್ಮಾ" ಎಂದರು ಪದ್ಮಕ್ಕ. ಆ ಹಣ್ಣನ್ನು ನಾನು ತಿಂದೆ.

ಓಟ ಶುರುವಾದ ಸ್ವಲ್ಪ ಹೊತ್ತಿಗೇ ಅವರ ಬೆನ್ನು ನನ್ನ ಕಣ್ಣಿಗೆ ತಪ್ಪಿತು. ದಾರಿಯುದ್ದಕ್ಕೂ ಮೇಜು ಹಾಕಿಕೊಂಡು ನೀರು, ಕಿತ್ತಳೆ ತೊಳೆ, ಕಡಲೆಮಿಠಾಯಿ ಹಿಡಿದು ನಿಂತ ಮಕ್ಕಳು, "ಕಮಾನ್ ಅಂಕಲ್, ತಗೊಳ್ಳಿ ಅಂಕಲ್" ಎನ್ನುತ್ತಿದ್ದರು. ಬೇಕಾದವರು ತಗೊಳ್ಳುವುದು, ಬೇಡದವರು ಹಾಗೇ ಮುಂದೆ ಹೋಗುವುದು ಅಲ್ಲಿನ ಪದ್ಧತಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಬೆಳಗಿನ ಜಾವ ಎದ್ದು ಬಂದು ನಿಂತಿವೆ ಪಾಪ, ಬೇಡ ಎಂದರೆ ಬೇಜಾರಾಗುವುದಿಲ್ಲವೇ? ಪ್ರತಿ ಮೇಜಿನಲ್ಲೂ ನಿಂತೆ, ಕೊಟ್ಟದ್ದನ್ನೆಲ್ಲ ತಿಂದೆ, ಕುಡಿದೆ, ಯಾವೂರಾಯ್ತು ಮರಿ ಎಂದೂ ವಿಚಾರಿಸಿದೆ. ಅರ್ಧ ದಾರಿ ದಾಟುವಷ್ಟರಲ್ಲಿ ನನ್ನ ಹೊಟ್ಟೆ ಕುಲುಕಿದ ಬಿಂದಿಗೆಯಂತೆ ಸದ್ದು ಮಾಡುತ್ತಿತ್ತು. ಪಕ್ಕೆ ಹಿಡಿದುಕೊಂಡಿತು. ಪಾದಚಾರಿ ಕಟ್ಟೆಯ ಮೇಲೆ ಕೂತೆ.

ದೊಡ್ಡ ಓಟಗಳಲ್ಲಿ ಎಲ್ಲರಿಗಿಂತ ಹಿಂದೆ ಒಂದು ಬಸ್ಸು ಬರುತ್ತದೆ. ಸೋತವರನ್ನು ಹತ್ತಿಸಿಕೊಳ್ಳುವುದು ಅದರ ಕೆಲಸ. ಅದು ಓಟ ಮುಗಿಯುವ ಜಾಗದ ಕಮಾನಿಗೆ ತಲುಪಿತೆಂದರೆ ಗೇಟು ಮುಚ್ಚಿದಂತೆ, ಆಮೇಲೆ ಬಂದವರ ಓಟ ಲೆಕ್ಕಕ್ಕಿಲ್ಲ. ಅದು ನನ್ನ ಪಕ್ಕ ನಿಂತಿತು. ಬಾಗಿಲಲ್ಲಿದ್ದ ಸ್ವಯಂಸೇವಕ ಹುಡುಗ "ಹತ್ತಿ ಅಂಕಲ್" ಎನ್ನುವ ಮೊದಲೇ ನಾನು ಮೆಟ್ಟಿಲ ಮೇಲಿದ್ದೆ.

ಒಳಗೆ ಹತ್ತಾರು ಜನ ಕೂತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನಾನು ಕಿಟಕಿ ಪಕ್ಕ ಕೂತು, ಅಲ್ಲೇ ಕೊಟ್ಟ ಬಿಸ್ಕತ್ತಿನ ಪೊಟ್ಟಣ ಬಿಚ್ಚಿ, ಪದ್ಮಕ್ಕ ಇಷ್ಟು ಹೊತ್ತಿಗೆ ಮುಗಿಸಿ ಕೂತಿರುತ್ತಾರೆ, ಅವರಿಗೆ ಏನು ಸಬೂಬು ಹೇಳುವುದು ಎಂದು ಯೋಚಿಸುತ್ತಿದ್ದೆ. ಬಹಳ ದೂರ ಸಾಗಿದ ಮೇಲೆ ಬಸ್ಸು ನಿಧಾನವಾಯಿತು. ತಲೆ ಎತ್ತಿ ಮುಂದಿನ ಗಾಜಿನಲ್ಲಿ ನೋಡಿದರೆ ಖಾಲಿ ರಸ್ತೆಯ ನಡುವೆ ಒಂದೇ ಒಂದು ಬೆನ್ನು. ಶಾಲೆಯ ಟ್ರ್ಯಾಕ್‌ಸೂಟು. ಎಡಗಾಲು ಸ್ವಲ್ಪ ಎಳೆಯುತ್ತಿತ್ತು.

ಆದದ್ದು ಇಷ್ಟು, ಅವರು ಆಮೇಲೆ ಹೇಳಿದ್ದು. ದಾರಿಯಲ್ಲಿ ಒಬ್ಬಳು ಹುಡುಗಿ ಮೀನಖಂಡ ಹಿಡಿದುಕೊಂಡು ಅಳುತ್ತಾ ಕೂತಿದ್ದಳಂತೆ. ಪದ್ಮಕ್ಕನಿಗೆ ದಾಟಿ ಹೋಗಲು ಆಗಲಿಲ್ಲ. ಬೂಟು ಬಿಚ್ಚಿ, ಕಾಲು ನೀವಿ, ಎಬ್ಬಿಸಿ ನಿಲ್ಲಿಸಿ, ನಡೆಸಿ, ಓಡಿಸಿದರು. ಆ ಹುಡುಗಿ ಚಿಗರೆಯಂತೆ ಹೊರಟುಹೋದಳು. ಅಷ್ಟು ಹೊತ್ತು ಕುಕ್ಕರುಗಾಲಲ್ಲಿ ಕೂತಿದ್ದ ಇವರ ಕಾಲು ಹಿಡಿದುಕೊಂಡಿತು.

ಬಸ್ಸು ಅವರ ಪಕ್ಕಕ್ಕೆ ಬಂತು. ಹುಡುಗ ಬಾಗಿ, "ಆಂಟಿ, ಸಾಕು, ಕಾಲು ನೋಯ್ತಿದೆ ನಿಮಗೆ. ಹತ್ತಿ, ಬಿಡ್ತೀವಿ" ಎಂದ. ನಿಜವಾದ ಕಾಳಜಿಯಿಂದಲೇ ಕರೆದ. ನನ್ನ ಬಾಯಲ್ಲಿದ್ದ ಬಿಸ್ಕತ್ತು ಹಾಗೇ ನಿಂತಿತು.

ಪದ್ಮಕ್ಕ ಕಾಲು ನಿಲ್ಲಿಸಲಿಲ್ಲ. ನಕ್ಕು, ಓಡುತ್ತಲೇ ಕೈ ಮುಗಿದರು.

"ನೀವು ಹೋಗಿರಪ್ಪ, ನಾನು ಹಿಂದೇನೇ ಬತ್ತೀನಿ."

ಹುಡುಗ ಕಕ್ಕಾಬಿಕ್ಕಿಯಾದ. "ನಾವು ನಿಮ್ಮನ್ನ ಬಿಟ್ಟು ಮುಂದೆ ಹೋಗೋ ಹಾಗಿಲ್ಲ ಆಂಟಿ. ಬಸ್ಸಿನ ಹಿಂದೆ ಯಾರೂ ಉಳೀಬಾರದು."

"ಹಂಗಾ? ಹಂಗಾದ್ರೆ ನೀವೇ ಹಿಂದೆ ಬನ್ನಿ" ಎಂದರು ಪದ್ಮಕ್ಕ.

ಡ್ರೈವರು ನರೆತ ಮೀಸೆಯ ಮನುಷ್ಯ. ಸ್ಟೀರಿಂಗಿನ ಮೇಲೆ ಕೈ ಇಟ್ಟು ಒಂದು ಕ್ಷಣ ಪದ್ಮಕ್ಕನನ್ನು ನೋಡಿದರು. "ಬಿಡಪ್ಪ, ಆಯಮ್ಮ ಓಡಲಿ. ಬಸ್ಸು ಹೋಗದೆ ಗೇಟ್ ಹೆಂಗೆ ಮುಚ್ತಾರೆ? ನಾನು ನಿಧಾನಕ್ಕೇ ಓಡಿಸ್ತೀನಿ" ಎಂದು ಗೇರು ಇಳಿಸಿದರು. ಬಸ್ಸು ಹಿಂದೆ ಸರಿಯಿತು. ಅವರ ಜೀವಮಾನದಲ್ಲಿ ಮೊದಲ ಸಲ ಒಂದು ಗಾಡಿ ಪದ್ಮಕ್ಕನನ್ನು ಹತ್ತಿಸಿಕೊಳ್ಳದೆ, ಅವರ ಹಿಂದೆ, ಅವರದೇ ವೇಗದಲ್ಲಿ ಬರತೊಡಗಿತು.

ನನಗೆ ಏನಾಯಿತೋ ಗೊತ್ತಿಲ್ಲ. ಬಿಸ್ಕತ್ತನ್ನು ಪಕ್ಕದವರ ಕೈಗೆ ಕೊಟ್ಟು ಎದ್ದೆ. "ಇಳಿಸಪ್ಪ" ಎಂದೆ. ಹುಡುಗ, ಇಳಿದರೂ ನಿಮ್ಮ ಓಟ ಲೆಕ್ಕಕ್ಕೆ ಬರೋದಿಲ್ಲ ಅಂಕಲ್ ಎಂದ. ಲೆಕ್ಕಕ್ಕೆ ಬೇಡ ಎಂದೆ. ನನ್ನ ಬಾಯಿಂದ ಬೇಡ ಎಂಬ ಮಾತು ಅಷ್ಟು ಸಲೀಸಾಗಿ ಹೊರಟದ್ದು ಅದೇ ಮೊದಲು. ನಾನು ಇಳಿದೆ, ನನ್ನ ಹಿಂದೆ ಒಬ್ಬ ಹೆಂಗಸು ಇಳಿದಳು, ಆಮೇಲೆ ಇನ್ನಿಬ್ಬರು. ಇಳಿಯಲಾಗದವರು ಕಿಟಕಿಯಿಂದ ಕೈ ಹೊರಗೆ ಹಾಕಿ ಬಸ್ಸಿನ ತಗಡು ಬಡಿಯತೊಡಗಿದರು. ಆ ತಗಡಿನ ತಾಳಕ್ಕೆ ಬೆಂಗಳೂರಿನ ನಡುರಸ್ತೆಯಲ್ಲಿ ನಾವು ನಾಲ್ಕೈದು ಜನ ಪದ್ಮಕ್ಕನ ಹಿಂದೆ ಓಡಿದೆವು. ದಾರಿ ಬದಿಯಲ್ಲಿ ಮೇಜು ಮಡಚುತ್ತಿದ್ದ ಮಕ್ಕಳು ಕೆಲಸ ಬಿಟ್ಟು ಚಪ್ಪಾಳೆ ತಟ್ಟಿದರು. ಅಂಥ ಸಂತೋಷವನ್ನು ನಾನು ಅದಕ್ಕೆ ಮೊದಲು ಅನುಭವಿಸಿರಲಿಲ್ಲ.

ಕಮಾನು ಕಂಡಿತು. ಬ್ಯಾನರು ಬಿಚ್ಚಲು ಏಣಿ ತಂದಿಟ್ಟಿದ್ದರು. ಬಸ್ಸು ಹಿಂದಿರುವುದನ್ನು ನೋಡಿ ಏಣಿಯವರು ನಿಂತರು. ಪದ್ಮಕ್ಕ ಒಬ್ಬರೇ ಮುಂದೆ ಹೋದರು. ನೆಲಕ್ಕೆ ಹಾಸಿದ ಪಟ್ಟಿಯನ್ನು ಎರಡು ಕಾಲಲ್ಲೂ ತುಳಿದು ದಾಟಿದರು. ಆಮೇಲೆ ಕೋಟಿನ ಜೇಬಿಗೆ ಕೈ ಹಾಕಿ, ಅಭ್ಯಾಸಬಲದಿಂದ ಅಲ್ಲೇ ಉಳಿದಿದ್ದ ಸೀಟಿಯನ್ನು ತೆಗೆದು, ಉದ್ದಕ್ಕೆ ಊದಿದರು. ಪ್ರತಿ ವರ್ಷ ಶಾಲೆಯ ಓಟದಲ್ಲಿ ಕೊನೆಯ ಮಗುವೂ ಗೆರೆ ದಾಟಿದ ಮೇಲೆ ಮಾತ್ರ ಅವರು ಹಾಗೆ ಊದುತ್ತಿದ್ದರು. ಊದಿ ಮುಗಿದಾಗ ಅವರ ಕಣ್ಣಲ್ಲಿ ನೀರಿತ್ತು. ನನಗಂತೂ ಬಸ್ಸಿನಿಂದ ಇಳಿದಾಗಲೇ ಬಂದಿತ್ತು.

ನಾನು ಪಟ್ಟಿಯ ಈಚೆಗೇ ನಿಂತೆ.

"ಯಾಕ್ರೀ ಗುಮಾಸ್ತರೇ, ಅಲ್ಲೇ ನಿಂತ್ರಿ? ಬನ್ನಿ."

"ನಾನು ಬಸ್ಸಲ್ಲಿ ಬಂದವನು ಪದ್ಮಕ್ಕ. ದಾಟಬಾರದು."

ಬೇರೆ ಯಾರಾದರೂ ಆಗಿದ್ದರೆ ಪರವಾಗಿಲ್ಲ ಬನ್ನಿ ಎಂದು ಕೈ ಹಿಡಿದು ಎಳೆದುಕೊಳ್ಳುತ್ತಿದ್ದರು. ನಾನೂ ಹೋಗಿಬಿಡುತ್ತಿದ್ದೆ. ಪದ್ಮಕ್ಕ ಎಳೆಯಲಿಲ್ಲ. "ಸರಿ" ಎಂದರು. "ಇನ್ನೊಂದು ವರ್ಷ ನೀವು ಪೂರ್ತಿ ಓಡಿ ಬನ್ನಿ. ಅವತ್ತು ನಾನು ಈ ಕಡೆ ನಿಂತಿರ್ತೀನಿ."

ಅದಾಗಿ ನಾಲ್ಕು ವರ್ಷ. ನನಗೆ ಅರಸೀಕೆರೆಗೆ ವರ್ಗವಾಯಿತು, ಪದ್ಮಕ್ಕನಿಗೆ ನಿವೃತ್ತಿಯಾಯಿತು. ಒಂದು ವರ್ಷ ಜ್ವರ, ಒಂದು ವರ್ಷ ಮಗಳ ಮದುವೆ, ಒಂದು ವರ್ಷ ಶುದ್ಧ ಸೋಮಾರಿತನ. ಪ್ರತಿ ವರ್ಷವೂ ಪದ್ಮಕ್ಕ ಫೋನು ಮಾಡಿ, ಹೆಸರು ಕೊಟ್ಟಿರಾ ಎಂದು ಕೇಳಿ, ಇಲ್ಲ ಎಂದರೆ ಬೈಯದೆ ಇಟ್ಟುಬಿಡುತ್ತಿದ್ದರು. ಬೈದಿದ್ದರೇ ವಾಸಿ ಇತ್ತು. ಈ ವರ್ಷ ಕೊಟ್ಟಿದ್ದೇನೆ. ಬರುವ ಭಾನುವಾರ ಓಟ. ಈ ತಿಂಗಳುಗಳಲ್ಲಿ ಯಾರ ಗಾಡಿಯನ್ನೂ ಹತ್ತಿಲ್ಲ.

ಇದನ್ನು ಇಲ್ಲಿಯವರೆಗೆ ಬರೆದು, ತಡೆಯಲಾರದೆ ಪದ್ಮಕ್ಕನಿಗೆ ಫೋನು ಮಾಡಿದೆ. ಎಲ್ಲಿದ್ದೀರಿ ಎಂದೆ. ಬೆಂಗಳೂರಿಗೆ ಬಟ್ಟೆ ಜೋಡಿಸುತ್ತಿದ್ದರಂತೆ.

"ಪದ್ಮಕ್ಕ, ನಾನು ತುಂಬಾ ನಿಧಾನ. ಬಿಸಿಲಲ್ಲಿ ಬಹಳ ಹೊತ್ತು ನಿಲ್ಲಬೇಕಾಗುತ್ತೆ ನೀವು" ಎಂದೆ.

"ನಿಲ್ತೀನಿ ಬಿಡಿ. ಕೊನೆಯವರು ಬರೋವರೆಗೆ ನಿಲ್ಲೋದೇ ಅಲ್ವೇನ್ರೀ ನನ್ನ ಕೆಲಸ" ಎಂದರು.