ಕಸ ಗುಡಿಸುವ ಯಜಮಾನಿ

ರಾವಂದೂರಿನ ಹೆಂಗಸರು ಸೇರಿ ನಡೆಸುವ ಹೊಲಿಗೆ ಶೆಡ್ಡಿಗೆ ಮಾಲೀಕರಿಲ್ಲ, ಹೊಲಿಯುವವರೇ ಪಾಲುದಾರರು. ಯಜಮಾನಿಕೆ ತಿಂಗಳಿಗೊಬ್ಬರ ಸರದಿ. ಯಜಮಾನಿಯಾದವಳೇ ಸಂಜೆ ಶೆಡ್ಡು ಗುಡಿಸಬೇಕು ಎಂಬ ನಿಯಮ ತಂದವಳು ಚಿಕ್ಕಮಾದಮ್ಮ. ಹಿಂದೆ ಆಕೆ ಹುಣಸೂರಿನ ಕಡೆ ತಂಬಾಕು ವಿಂಗಡಿಸುವ ಕೂಲಿಗೆ ಹೋಗುತ್ತಿದ್ದಳು. ಎಲೆಯ ಕಟ್ಟು ಕೈಗೆ ಬಂದರೆ ಮೊದಲು ನಡುವೆ ಬಿಚ್ಚಿ ನೋಡುವಳು. ಒಳ್ಳೆಯ ಎಲೆ ಹೊರಗಿಟ್ಟು ಕೆಟ್ಟದ್ದನ್ನು ಒಳಗೆ ತುರುಕುವವರನ್ನು ಬೇಕಾದಷ್ಟು ಕಂಡಿದ್ದಳು. ಮನುಷ್ಯರನ್ನೂ ಹಾಗೆಯೇ ನೋಡುತ್ತಾಳೆ.

ಕಳೆದ ವರ್ಷ ಮೈಸೂರಿನಿಂದ ಮಲ್ಲೇಶ್ ಎಂಬ ಗುತ್ತಿಗೆದಾರ ಬಂದ. ಸೇನೆಗೆ ಮರಳಿನ ಚೀಲ ಹೊಲಿದುಕೊಡುವ ಕೆಲಸ.

"ರಕ್ಷಣೆಯ ಬಜೆಟ್ಟು ವರ್ಷ ವರ್ಷ ಏರ್ತಾನೇ ಇದೆ. ಈ ಕೆಲಸ ನಿಲ್ಲೋದೇ ಇಲ್ಲ" ಎಂದ.

ಆದರೆ ಅವನ ಷರತ್ತು ಎರಡು. ಚಿಕ್ಕಮಾದಮ್ಮನ ಸೊಸೆ, ಅಲ್ಲೇ ಹೊಲಿಯುವ ಸುಕನ್ಯ ಸಂಬಳದ ಕಾಯಂ ಮ್ಯಾನೇಜರ್ ಆಗಬೇಕು. ಹೊಸದಾಗಿ ಸೇರುವ ಹೆಂಗಸರಿಗೆ ದಿನಗೂಲಿ ಮಾತ್ರ, ಪಾಲಿಲ್ಲ.

ಸುಕನ್ಯಳ ಮುಖ ಅರಳಿತು. ಹಳಬರೂ ತಲೆಯಾಡಿಸಿದರು; ಲಾಭಕ್ಕೆ ಪಾಲುದಾರರು ಹೆಚ್ಚುವುದು ಯಾರಿಗೆ ಬೇಕು?

"ನಿಲ್ಲಾಕಿಲ್ಲ ಅಂದ್ರಲ್ಲ, ಅಂಗಂತ ಬರ್ದು ಕೊಡ್ತೀರಾ?" ಚಿಕ್ಕಮಾದಮ್ಮ ಕೇಳಿದಳು.

"ದಿಲ್ಲಿಯೋರ ಪರವಾಗಿ ನಾನು ಹೆಂಗಮ್ಮ ಬರೆದುಕೊಡಲಿ?" ಮಲ್ಲೇಶ್ ನಕ್ಕ.

"ಓಗ್ಲಿ ಬುಡಿ. ಇವ್ಳು ಕಾಯಂ ಆದ್ರೆ ಕಸ ಯಾರು ಗುಡುಸ್ತಾರೆ?"

"ಹೊಸಬರಲ್ಲಿ ಯಾರಿಗಾದ್ರೂ ಹೇಳಿದ್ರಾಯ್ತು."

ಚಿಕ್ಕಮಾದಮ್ಮ ಹೆಂಗಸರ ಕಡೆ ತಿರುಗಿದಳು. "ಕೇಳ್ಕಂಡ್ರೇನ್ರೇ? ಮಿಲಿಟ್ರಿಯೋರು ಸಾಕು ಅಂದ ದಿನ ಆ ಕೂಲಿಯೋರ್ನ ಮೊದ್ಲು ಆಚಿಗೆ ಕಳಿಸ್ತೀವಿ. ಆಮ್ಯಾಕೆ ಮ್ಯಾನೇಜರಮ್ಮ ನಿಮ್ಮುನ್ನ ಕಳಿಸ್ತಾಳೆ ಕಣ್ರೇ."

ಅಲ್ಲೇ ಒಪ್ಪುವವರ ಕೈ ಎತ್ತಿಸಿದಳು. ಹೊಸಬರಿಗೂ ಪಾಲು, ಎಲ್ಲರಿಗೂ ಸರದಿ. ಮಲ್ಲೇಶ್ ಇದಕ್ಕೆ ಒಪ್ಪಿದರೆ ಮಾತ್ರ ಚೀಲದ ಕೆಲಸ ಎಂದು ತೀರ್ಮಾನವಾಯಿತು. ಕೆಲವರ ಕೈ ನಿಧಾನವಾಗಿ ಎದ್ದಿತು. ಸುಕನ್ಯಳದು ಏಳಲಿಲ್ಲ. ಮಲ್ಲೇಶ್ ಒಪ್ಪದೆ ಹೊರಟುಹೋದ. ಚೀಲದ ಕೆಲಸ ಕೃಷ್ಣರಾಜನಗರದ ಇನ್ನೊಂದು ಶೆಡ್ಡಿಗೆ ಹೋಯಿತು. ಅಲ್ಲಿ ಈವರೆಗೆ ನಿಂತಿಲ್ಲ.

"ನಾನು ಮ್ಯಾಕೆ ಬರೋದು ನಿಮ್ಗೆ ಬ್ಯಾಡ, ಅಷ್ಟೇ ಕಣತ್ತೆ" ಎಂದಳು ಸುಕನ್ಯ.

"ಅದೂ ಇದ್ದಾತು" ಎಂದಳು ಅತ್ತೆ.

ಈ ತಿಂಗಳು ಚಿಕ್ಕಮಾದಮ್ಮನ ಸರದಿ. ಸಂಜೆ ಪೊರಕೆ ಹಿಡಿದು ಬಂದರೆ ಸುಕನ್ಯ ಎದ್ದು ಜಾಗ ಬಿಡುವುದಿಲ್ಲ. ಕೂತಲ್ಲೇ ಕಾಲೆತ್ತಿ, ಅತ್ತೆ ಮೂಲೆ ಬಿಟ್ಟು ಗುಡಿಸುತ್ತಾಳೇನೋ ಎಂದು ಕಣ್ಣಿಟ್ಟು ನೋಡುತ್ತಾಳೆ.