ಮಧುಕರನ ಗಾಡಿಯ ಅಗಲ

ನಮ್ಮ ವಾಡೆಯ ಮಾಳಿಗೆಯಲ್ಲಿ ಎರಡು ಖೋಲಿ ಹಿಡಿದು ಮಧುಕರ ಇದ್ದಾನೆ. ಮೂಲ ಧಾರವಾಡದವನು. ಶ್ರಾದ್ಧ, ಮುಂಜಿವೆ, ತೊಟ್ಟಿಲು, ಏನಿದ್ದರೂ ಈ ಮರಾಠಿ ಊರಿನ ಸದಾಶಿವ ಪೇಠದಲ್ಲಿರುವ ಕನ್ನಡದವರ ಮನೆಗಳಲ್ಲಿ ಅಡಿಗೆ ಅವನದೇ. ಹೆಂಡತಿ ನೀಲಿಮಾ ಜೊತೆಗೆ ಹೋಗಿ ಹೋಳಿಗೆ ಮಾಡುತ್ತಾಳೆ.

ಅಪ್ಪ ಸತ್ತಾಗ ಮಧುಕರನಿಗೆ ಹನ್ನೊಂದು ವರ್ಷ. ಅಕ್ಕನ ಗಂಡ ವಿಕಾಸ ಅವನನ್ನು ಇದೇ ಊರಿನ ಕೊಂಢವಾದಲ್ಲಿದ್ದ ತನ್ನ ಮನೆಗೆ ಕರೆತಂದ. ಎಂಟನೇ ಇಯತ್ತೆ ಆದ ಮೇಲೆ ಶಾಲೆ ಬಿಡಿಸಿ ಅಡಿಗೆಗೆ ಹಚ್ಚಿದವನು ವಿಕಾಸ. ನೀಲಿಮಾಳನ್ನು ನೋಡಿ ಒಪ್ಪಿದವನೂ ವಿಕಾಸ. ಮಧುಕರ ಅವಳ ಮುಖ ನೋಡಿದ್ದು ನಿಶ್ಚಯದ ದಿನ. ನನ್ನ ಹತ್ತಿರ ಬಂದು ಈ ಖೋಲಿಗಳನ್ನು ಹಿಡಿದವನೂ ವಿಕಾಸನೇ. ಕೆಟ್ಟವನಲ್ಲ, ಅನ್ನ ಹಾಕಿದ್ದಾನೆ. ಆ ಅನ್ನಕ್ಕಾಗಿಯೇ ಇರಬೇಕು, ಮಧುಕರ ಅವನೆದುರು ‘ಬ್ಯಾಡ’ ಅಂದದ್ದನ್ನು ಇಪ್ಪತ್ತೆರಡು ವರ್ಷಗಳಲ್ಲಿ ನಾನು ಕೇಳಿಲ್ಲ.

ಹೋದ ವರ್ಷ ಮಧುಕರನಿಗೆ ಸ್ವಂತ ಗಾಡಿ ಬೇಕು ಅನಿಸಿತು. ಶ್ರಾದ್ಧದ ಅಡಿಗೆ ಹೊತ್ತು ಮೀರಿದರೆ ನಡೆಯುವುದಿಲ್ಲ. ಪಾತ್ರೆ ಒಯ್ಯುವ ಟೆಂಪೋದವನು ಮಾತ್ರ ತನ್ನ ಮನಸ್ಸು ಬಂದಾಗ ಬರುತ್ತಿದ್ದ. ಎರಡು ಮನೆಗಳು ಇದೇ ಕಾರಣಕ್ಕೆ ಕೈ ಬಿಟ್ಟಿದ್ದವು. ಗಾಡಿ ವಾಡೆಯ ಅಂಗಳದೊಳಗೇ ನಿಲ್ಲಬೇಕು. ನಮ್ಮ ಗಲ್ಲಿಯಲ್ಲಿ ನಿಲ್ಲಿಸಿದರೆ ಪೊಲೀಸರು ಎತ್ತಿಕೊಂಡು ಹೋಗುತ್ತಾರೆ. ಬೆಳಿಗ್ಗೆ ಎದ್ದು ಅಡಿಗೆಯ ದೊಡ್ಡ ಪಾತೇಲಿ ಗಾಡಿಗೆ ಏರಿಸಿ ಯಾರನ್ನೂ ಕೇಳದೆ ಹೊರಡಬೇಕು, ಅವನಿಗೆ ಬೇಕಾದದ್ದು ಇಷ್ಟೇ.

ಗಾಡಿಗಳ ಚಿತ್ರದ ಕಾಗದಗಳನ್ನು ತಂದು ನನ್ನ ಮುಂದೆ ಹರಡಿದ. ನನಗೆ ಅಂಕಿ ಬರುತ್ತವೆ, ಇಂಗ್ಲಿಷ್ ಬರುವುದಿಲ್ಲ. ಅವನೇ ಬಿಡಿಸಿ ಹೇಳಿದ. ಒಂದು ತೀರ ಸಣ್ಣದು, ಹಿಂದಿನ ಬಾಗಿಲು ತೆರೆದರೆ ಸೀದಾ ಸೀಟಿನ ಬೆನ್ನು. ಅದಕ್ಕಿಂತ ತುಸು ದೊಡ್ಡದು ಅದೇ ಆಕಾರದ್ದು. ಇನ್ನೊಂದಕ್ಕೆ ಬೇರೆ ಡಿಕ್ಕಿ, ಆದರೆ ಆ ಡಿಕ್ಕಿ ಕತ್ತರಿಸಿ ಇಟ್ಟ ಹಾಗೆ ಗಿಡ್ಡ. ಮತ್ತೊಂದು ಜೀಪಿನ ಹಾಗೆ ಎತ್ತರ, ಅದಕ್ಕೂ ಕಾಂಪ್ಯಾಕ್ಟ್ ಅಂತಲೇ ಹೆಸರು. ನಾಲ್ಕು ಮೀಟರಿನೊಳಗೆ ಇದ್ದರೆ ಸರಕಾರದ ತೆರಿಗೆ ಕಡಿಮೆಯಂತೆ. ಅದಕ್ಕೆ ಡಿಕ್ಕಿಯದೂ ಎತ್ತರದ್ದೂ ಉದ್ದ ಒಂದೇ: ಮೂರು ಸಾವಿರದ ಒಂಬೈನೂರಾ ತೊಂಬತ್ತೈದು ಮಿಲಿಮೀಟರ್.

“ಅಗಲ ಎಷ್ಟೋ?” ಎಂದು ಕೇಳಿದೆ.

“ಅದನ್ನ ಯಾರೂ ಕೇಳೂದಿಲ್ರಿ ಕಾಕೂ. ಎಲ್ಲಾರೂ ಉದ್ದಾನೇ ಕೇಳತಾರ.”

“ನಮ್ಮ ಬಾಗಲಾ ಉದ್ದ ಕೇಳೂದಿಲ್ಲಪಾ.”

ಅವನು ನಕ್ಕ. ಕಡೆಯ ಪುಟದ ಸಣ್ಣ ಅಕ್ಷರಗಳಲ್ಲಿ ಹುಡುಕಿದ. ಸಣ್ಣ ಗಾಡಿ ಐದಡಿ ನಾಲ್ಕಿಂಚು. ಎತ್ತರದ್ದು ಐದಡಿ ಹತ್ತಿಂಚು, ಕನ್ನಡಿಗಳನ್ನು ಬಿಟ್ಟು. ಇಬ್ಬರೂ ಇಳಿದು ಹೋಗಿ ಟೇಪು ಹಿಡಿದೆವು. ಗಲ್ಲಿಯಿಂದ ಅಂಗಳಕ್ಕೆ ಬರುವ ದೇವಡಿ, ಅಂದರೆ ಮಾಳಿಗೆಯ ಕೆಳಗಿನ ದಾರಿ, ಎರಡು ಗೋಡೆಗಳ ನಡುವೆ ಆರಡಿ. ಅದರ ಒಳತುದಿಯಲ್ಲಿ, ಹಿಂದೆ ಚಕ್ಕಡಿಯ ಗಾಲಿ ಗೋಡೆಗೆ ತಾಗಬಾರದೆಂದು ನೆಟ್ಟ ಎರಡು ಕಲ್ಲುಗಳಿವೆ. ಮೊಳಕಾಲೆತ್ತರದ ಕಲ್ಲು. ಅವುಗಳ ನಡುವೆ ಐದಡಿ ಎಂಟಿಂಚು. ಹಾಗಾದರೆ ಸಣ್ಣದೇ ಸೈ ಎಂದ ಮಧುಕರ. ಹಿಂದಿನ ಸೀಟು ಮಡಚಿದರೆ ಪಾತೇಲಿಯೂ ಕೂರುತ್ತದೆ ಎಂದು ಲೆಕ್ಕ ಹಾಕಿಟ್ಟಿದ್ದ.

ಅಂಗಡಿಗೆ ಹೋಗುವ ದಿನ ವಿಕಾಸ ಬಂದ. ಸಣ್ಣ ಗಾಡಿ ನೋಡಿ, ಇದರಲ್ಲಿ ಬಂದಿಳಿದರೆ ಕರೆದವರು ಹಿಂದಿನ ಬಾಗಿಲಿನಿಂದ ಬಾ ಎನ್ನುತ್ತಾರೆ ಎಂದನಂತೆ. ಮಾರುವವನೂ, ಎತ್ತರದ್ದೂ ನಾಲ್ಕು ಮೀಟರಿನ ಒಳಗೇ ಇದೆ, ಕಾಂಪ್ಯಾಕ್ಟೇ, ಎಂದು ಎರಡು ಸಲ ಹೇಳಿದನಂತೆ. ಉದ್ದ ಅಷ್ಟೇ ಅಂದ ಮೇಲೆ ಜಾಗವೂ ಅಷ್ಟೇ ಎಂದು ವಿಕಾಸ ಎತ್ತರದ್ದನ್ನೇ ಒಪ್ಪಿ ಬಣ್ಣ ಆರಿಸಿದ. ಮಧುಕರ ಸಹಿ ಮಾಡಿದ.

ಗಾಡಿ ಮನೆಗೆ ಬರುವ ಶುಕ್ರವಾರ, ಬೆಳಗಿನ ಒಂಬತ್ತೂವರೆ. ಹೊಸ ಗಾಡಿಗೆ ತುಳಸಿಯ ಮುಂದೆ ಆರತಿ ಆಗಬೇಕು, ಅದಕ್ಕೆ ನೀಲಿಮಾ ತಟ್ಟೆ ಹಿಡಿದು ಅಂಗಳದಲ್ಲಿ ನಿಂತಿದ್ದಳು. ಪಕ್ಕದಲ್ಲಿ ನಾನು. ಮಧುಕರ ನಡೆಸುತ್ತಿದ್ದ, ವಿಕಾಸ ಎಡಕ್ಕೆ ಕೂತಿದ್ದ. ಕನ್ನಡಿ ಮಡಚಿ ದೇವಡಿಯೊಳಗೆ ಬಂದರು. ಎರಡೂ ಬದಿಗೆ ಒಂದೊಂದಿಂಚು. ಕಲ್ಲುಗಳ ಹತ್ತಿರ ಬಂದು ಗಾಡಿ ನಿಂತಿತು.

“ತಗೋ, ತಗೋ,” ಎಂದ ವಿಕಾಸ. “ಎಂಥಾ ಡ್ರೈವರ್ ಇದ್ದೀ?”

ಮಧುಕರ ಮುಂದೆ ತೆಗೆದುಕೊಳ್ಳಲಿಲ್ಲ. ಹಿಂದೆಯೂ ಬರುವಂತಿರಲಿಲ್ಲ, ಅಷ್ಟರಲ್ಲಿ ಎದುರಿನ ಟ್ಯೂಶನ್ ಕ್ಲಾಸಿಗೆ ಬಂದ ಹುಡುಗರ ಸ್ಕೂಟರುಗಳು ಗಲ್ಲಿಯಲ್ಲಿ ಸಾಲಾಗಿ ನಿಂತಿದ್ದವು. ಬಾಗಿಲು ತೆರೆದರೆ ಗೋಡೆ. ವಾಡೆಗೆ ಇರುವುದು ಅದೊಂದೇ ದಾರಿ, ಹಾಗಾಗಿ ಒಳಗಿದ್ದ ನಾವೂ ಒಳಗೇ. ನೀಲಿಮಾ ಗಾಡಿಯ ಮೂತಿಗೆ ಕುಂಕುಮ ಹಚ್ಚಿ, ಗಾಜಿನಾಚೆಯ ಇಬ್ಬರಿಗೂ ಆರತಿ ಬೆಳಗಿದಳು. “ಗರ್ಭಗುಡಿಯಾಗ ಕೂತಂಗ ಕೂತಾರ ನೋಡ್ರಿ ಕಾಕೂ. ನೈವೇದ್ಯಾ ಒಳಗ ಹೋಗೂದಿಲ್ಲ, ಅಷ್ಟ,” ಎಂದಳು. ನಗಲಿಲ್ಲ ಅವಳು.

ಕಿಟಕಿಯ ಗಾಜು ಇಳಿಸಿಯೇ ಇತ್ತು, ಮಾತು ನಮಗೆ ಕೇಳುತ್ತಿತ್ತು.

“ಕಲ್ಲಿನ ನಡುವ ಅಳತಿ ಯಾರೂ ನೋಡಲಿಲ್ಲೇನು?” ಎಂದ ವಿಕಾಸ.

“ನಾ ನೋಡಿದ್ದೆ, ಭಾವಾ. ಎರಡಿಂಚು ಕಡಿಮಿ ಅದ ಅಂತ ಗೊತ್ತಿತ್ತು.”

“ಗೊತ್ತಿದ್ದು ಅಂಗಡಿಯಾಗ ಯಾಕ ಬಾಯಿ ಬಿಡಲಿಲ್ಲ?”

ಮಧುಕರ ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡೇ ಇದ್ದ. “ನೀವು ಕೇಳಲಿಲ್ರಿ,” ಎಂದ.

ವಿಕಾಸ ಗಲ್ಲಿಯಲ್ಲಿದ್ದ ಯಾರನ್ನೋ ಕೂಗಿ ಹಿಂದಿನ ಬಾಗಿಲು ತೆಗೆಸಿದ. ಸೀಟುಗಳ ಮೇಲೆ ಹಾಯ್ದು, ಪಾತ್ರೆ ಇಡುವ ಜಾಗದಿಂದ ಮಂಡಿಯೂರಿ ಹೊರಗೆ ಬಂದ. ದಪ್ಪ ಆಳು, ತೊಂದರೆಯೇ ಆಯಿತು. ಆಮೇಲೆ ಗಲ್ಲಿಯಿಂದ ನನ್ನನ್ನು ಕೂಗಿ, ಆ ಕಲ್ಲುಗಳನ್ನು ಒಡೆಸಿಬಿಡಿರಿ ಎಂದ. ವಾಡೆ ನನ್ನೊಬ್ಬಳದಲ್ಲ, ಮೂವರು ಮೈದುನರ ಪಾಲಿದೆ, ಅವರು ಒಂದು ಮೊಳೆ ಹೊಡೆಯಲೂ ಬಿಡುವುದಿಲ್ಲ ಎಂದೆ. ನಿಜವನ್ನೇ ಹೇಳಿದೆ. ಬೇರೆ ಏನಾದರೂ ಹೇಳಲು ಆಗಿದ್ದರೆ ಅಂತ ಈಗಲೂ ಅನಿಸುತ್ತದೆ.

ಕ್ಲಾಸು ಬಿಟ್ಟು ಸ್ಕೂಟರುಗಳು ಹೋಗುವವರೆಗೆ ಒಂದು ತಾಸು ಹತ್ತು ನಿಮಿಷ ಮಧುಕರ ಒಬ್ಬನೇ ಗಾಡಿಯಲ್ಲಿ ಕೂತಿದ್ದ. ಹಿಂದಿನಿಂದ ಇಳಿದು ಬಾ ಎಂದರೂ ಬರಲಿಲ್ಲ. ಆಮೇಲೆ ಒಂದು ಗೆರೆಯೂ ಬೀಳದಂತೆ ಹಿಂದಕ್ಕೆ ತೆಗೆದ.

ಅಂದಿನಿಂದ ಗಾಡಿ ಕೊಂಢವಾದಲ್ಲಿ ವಿಕಾಸನ ಇಮಾರತಿಯ ಕೆಳಗೆ ಇರುತ್ತದೆ. ಕೀಲಿಯೂ ಅಲ್ಲೇ. ಅಡಿಗೆ ಹಿಡಿದಾಗಲೆಲ್ಲ ಮಧುಕರ ಹಿಂದಿನ ದಿನ ಫೋನು ಮಾಡುತ್ತಾನೆ. ಭೋರ್ ಊರಿಗೆ ಹೋಗುವುದಿದೆ ಎಂದು ವಿಕಾಸ ಹೇಳಿದರೆ ಹೂಂ ಎಂದು ಫೋನು ಇಟ್ಟು ಟೆಂಪೋದವನಿಗೆ ಹಚ್ಚುತ್ತಾನೆ. ಬಿಡುವಿದ್ದರೆ ವಿಕಾಸನೇ ನಡೆಸಿಕೊಂಡು ಬರುತ್ತಾನೆ.

ಮೊನ್ನೆ ಮಂಗಳವಾರ ಹಾಗೇ ಬಂದಿದ್ದ. ಗಲ್ಲಿಯ ಬಾಯಿಗೆ ನಿಲ್ಲಿಸಿ ಹಾರ್ನು ಹೊಡೆದ. ಮಧುಕರ ಪಾತ್ರೆಗಳನ್ನು ಹೊತ್ತು ಹೊತ್ತು ತಂದು ಹಿಂದೆ ತುಂಬಿ, ಎಡಗಡೆ ಕೂತು ಸೀಟಿನ ಪಟ್ಟಿ ಬಿಗಿದುಕೊಂಡ. ಮಧ್ಯಾಹ್ನ ಎಷ್ಟಕ್ಕೆ ಬರುತ್ತೀ, ನಿನ್ನ ಹಾಲು ತೆಗೆದಿಡಲೇ ಎಂದು ಕೇಳಿದೆ. ಅವನು ತಿರುಗಿ ವಿಕಾಸನ ಮುಖ ನೋಡಿದ. ವಿಕಾಸ ಫೋನಿನಲ್ಲಿದ್ದ.

“ಭಾವ ಹೇಳಿದ ಮ್ಯಾಲೆ ಹೇಳತೀನ್ರಿ ಕಾಕೂ,” ಎಂದ ಮಧುಕರ.