ಬೆಂಡೆಕಾಯಿ ಸಾರಿನ ಉಪ್ಪು

ಅಮೆರಿಕದ ಮಾರಿಸ್‌ಟೌನ್ ಹತ್ತಿರ ಒಂದು ಹಳೆಯ ಮನೆಯನ್ನು ಹಾಗೆಯೇ ಮ್ಯೂಸಿಯಂ ಮಾಡಿದ್ದಾರೆ. ಅದರ ಅಡಿಗೆಮನೆಯ ಗೋಡೆಯಲ್ಲಿ ಆಳೆತ್ತರದ ಬೆಂಕಿಗೂಡು. ಹಳೇ ಕಾಲದ ಉದ್ದ ಲಂಗ ತೊಟ್ಟ ಹೆಂಗಸೊಬ್ಬರು, ಕೊಕ್ಕೆಗೆ ತೂಗುಹಾಕಿದ ಕಬ್ಬಿಣದ ಪಾತ್ರೆಯಲ್ಲಿ ಬೆಂಡೆಕಾಯಿ ಸಾರು ಕುದಿಸುತ್ತಿದ್ದರು. ಅದು ದಕ್ಷಿಣದ ಲೂಸಿಯಾನಾ ಸೀಮೆಯ ಕ್ರಿಯೋಲ್ ಜನರ ಅಡಿಗೆಯಂತೆ, ಆಕೆಗೆ ಅವರಜ್ಜಿ ಕಲಿಸಿದ್ದಂತೆ. ನಾವು ಹುರಿದು ಹೋಗಲಾಡಿಸುವ ಲೋಳೆಯೇ ಅವರ ಸಾರಿಗೆ ಬೇಕಂತೆ. ಸುತ್ತ ನಿಂತವರು ಕ್ಯಾಮೆರಾಗೆ ರೀಲು ಹಾಕುತ್ತಿದ್ದರು.

ನನಗೆ ಹಸಿವಾಗಿತ್ತು. ತಟ್ಟೆಗಳೆಲ್ಲಿ ಎಂದು ಹುಡುಕುತ್ತಿದ್ದಾಗ ಆಕೆಯೇ ಹೇಳಿದರು: ಯಾರಿಗೂ ಬಡಿಸುವಂತಿಲ್ಲ, ತಾವೂ ರುಚಿ ನೋಡುವಂತಿಲ್ಲ, ಇಲ್ಲಿಯ ರೂಲು. ಎಲ್ಲರೂ ನೋಡಿದ ಮೇಲೆ ಕಸಕ್ಕೆ.

ಹಾಗಾದರೆ ಇಷ್ಟು ಶ್ರದ್ಧೆ ಯಾಕೆ? ನನ್ನ ತಲೆಗೆ ಹೋಗಲಿಲ್ಲ.

ನನ್ನ ಜೊತೆ ಬಂದಿದ್ದ ಅತ್ತಿಗೆ ಪಾತ್ರೆಯ ಪಕ್ಕ ಹೋಗಿ ನಿಂತರು. ನೈವೇದ್ಯದ ಅಡಿಗೆಯನ್ನು ಬಾಯಿಗಿಡದೆ, ಕುದಿಯುವ ಘಮದಲ್ಲೇ ಉಪ್ಪಿನ ಹದ ಹೇಳುವವರು ಅವರು.

“ಉಪ್ಪು ಸಾಲದು ಅಂತ ಹೇಳಪ್ಪ ಅವರಿಗೆ.”

“ಬಿಸಾಡೋದಕ್ಕೆ ಉಪ್ಪು ಯಾಕೆ ಅತ್ತಿಗೆ?”

“ನೀನು ಹೇಳು.”

ಇಂಗ್ಲಿಷಿನಲ್ಲಿ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಆಕೆ ಅತ್ತಿಗೆಯ ಮುಖವನ್ನೊಮ್ಮೆ ನೋಡಿ, ಚಿಟಿಕೆ ಉಪ್ಪು ಹಾಕಿ, ತಿರುವಿ, ಕಾದು ನಿಂತರು.

“ಈಗ ಸರಿಹೋಯ್ತು” ಅಂದರು ಅತ್ತಿಗೆ, ಕನ್ನಡದಲ್ಲೇ.

ಅದನ್ನು ಇಂಗ್ಲಿಷಿನಲ್ಲಿ ಹೇಳಲು ನಾನು ಬಾಯಿ ತೆರೆಯುವ ಮೊದಲೇ ಆಕೆ ಹೌದೆಂದು ತಲೆಯಾಡಿಸಿದರು. ಪಾತ್ರೆಯನ್ನು ಜೋಪಾನವಾಗಿ ಕೊಕ್ಕೆಯಿಂದ ಇಳಿಸಿ, ಕಸದ ಡಬ್ಬದ ಮುಚ್ಚಳ ತೆಗೆದರು.